ಮೂರು ಪಾಲುಗಳಲ್ಲಿ ನಮ್ಮದು

ಶಹಾಬಾದಿನ ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಮಾಡುತ್ತಿದ್ದದ್ದು ಒಂದು ಕುಟುಂಬ, ಕೇಳುತ್ತಿದ್ದದ್ದು ಎರಡು. ಒಂದೇ ದೊಡ್ಡ ಮನೆಯನ್ನು ಹಿಂದೆ ಯಾರೋ ಎರಡು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಅಂಗಳದ ನಡುವೆ ಎದೆಯೆತ್ತರದ ಒಂದು ಗೋಡೆ. ಅದರ ನೆತ್ತಿಗೆ ಅಗಲವಾದ ಫರ್ಸಿ ಕಲ್ಲು ಹಾಸಿದ್ದರಿಂದ ಗೋಡೆಗಿಂತ ಕಟ್ಟೆಯಾಗಿಯೇ ಅದರ ಬಳಕೆ ಹೆಚ್ಚು. ಬೇಸಿಗೆಯಲ್ಲಿ ಎರಡೂ ಮನೆಯ ಮೆಣಸಿನಕಾಯಿ, ಹಪ್ಪಳ ಅದರ ಮೇಲೆ ಒಣಗುತ್ತಿದ್ದವು. ಗೋಡೆಯ ಈಚೆ ನಾವು: ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ, ಮತ್ತು ನಾನು. ಆಚೆ ದಾದಿಮಾ, ಮನೆಮನೆಗೆ ಹೋಗಿ ಫರ್ಸಿ ಹಾಸುವ ಅವರ ಮಗ, ಸೊಸೆ, ಮತ್ತು ನನ್ನದೇ ವಯಸ್ಸಿನ ಮೊಮ್ಮಗಳು ರಾಬಿಯಾ. ನಾವು ಕ್ರೈಸ್ತರು, ಅವರು ಮುಸಲ್ಮಾನರು ಎಂಬುದು ನನಗೆ ಗೊತ್ತಿತ್ತು. ನಮ್ಮ ಕಡೆ ಬೇವಿನ ಮರವಿದೆ, ಅವರ ಕಡೆ ನಳವಿದೆ ಎಂಬುದು ಗೊತ್ತಿದ್ದ ಹಾಗೆ. ನೀರಿಗೆ ನಾವು ಆಚೆ ಹೋಗುತ್ತಿದ್ದೆವು, ನೆರಳಿಗೆ ಅವರು ಈಚೆ ಬರುತ್ತಿದ್ದರು.

ಅವ್ವ ದವಾಖಾನೆಯಲ್ಲಿ ನರ್ಸ್. ಅವಳ ಪಾಳಿ ಬದಲಾಗುತ್ತಲೇ ಇದ್ದುದರಿಂದ ಅಡುಗೆಮನೆ ಆಯಿಯ ಕೈಯಲ್ಲಿತ್ತು. ಬೆಳಗ್ಗೆ ಜೋಳದ ರೊಟ್ಟಿ ಬಡಿಯುವ ಸದ್ದು, ಪುಂಡಿಪಲ್ಯದ ಹುಳಿವಾಸನೆ, ಒಲೆಯ ಪಕ್ಕದ ಕಲ್ಲಿನ ಮೇಲೆ ತಣ್ಣಗಾಗಲು ಇಟ್ಟ ಬೇಳೆಯ ಪಾತ್ರೆ, ಇವು ನನಗೆ ನೆನಪಿರುವ ಮೊದಲ ಸಂಗತಿಗಳು. ಬಡಿಸುವುದರಲ್ಲಿ ಆಯಿಯದೊಂದು ಕಟ್ಟುನಿಟ್ಟು. ನಿಂತುಕೊಂಡು ಯಾರೂ ಬಡಿಸಬಾರದು. ಕುಳಿತು, ಕೈಯನ್ನು ತಾಟಿನ ಹತ್ತಿರ ತಂದು, ರೊಟ್ಟಿಯನ್ನು ಇಡಬೇಕು, ಮೇಲಿನಿಂದ ಹಾಕಬಾರದು. ನೀರನ್ನೂ ಲೋಟದಲ್ಲಿ ತುಂಬಿ ಕೈಗೆ ಕೊಡಬೇಕು. ಒಮ್ಮೆ ಅವಸರದಲ್ಲಿದ್ದ ಅವ್ವ ನಿಂತಲ್ಲಿಂದಲೇ ಅನ್ನ ಹಾಕಿದ್ದಕ್ಕೆ ಆಯಿ ತಾಟು ಸರಿಸಿ ಎದ್ದುಹೋಗಿದ್ದಳು. ಅದು ವಯಸ್ಸಾದವರ ಹಟ ಎಂದು ನಾನು ತಿಳಿದಿದ್ದೆ.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ್. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಅದರ ತಯಾರಿಯೆಲ್ಲ ನಮ್ಮ ಪಡಸಾಲೆಯಲ್ಲಿ ನಡೆಯುತ್ತಿತ್ತು. ನಮ್ಮೂರಲ್ಲಿ ಎಂಥ ಬಡವರ ಮನೆಯಲ್ಲೂ ನೆಲಕ್ಕೆ ಕಲ್ಲು ಇರುತ್ತಿತ್ತು, ಆ ಕಲ್ಲು ಪಾಟಿಯಷ್ಟೇ ನುಣುಪು. ಅಪ್ಪ ನೆಲದ ಮೇಲೆ ಕುಳಿತು ಸೀಮೆಸುಣ್ಣದಿಂದ ಗೆರೆ ಎಳೆಯುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಅವನಿಗೆ ಬಹಳ ಇಷ್ಟವಾದ ಮಾತು ‘ಒಡಂಬಡಿಕೆ’. ಕರಾರು ಮುರಿದರೆ ಮುಗಿಯಿತು. ಒಡಂಬಡಿಕೆಯಲ್ಲಿ ಒಂದು ಕಡೆಯವರು ತಪ್ಪಿದರೂ ಇನ್ನೊಂದು ಕಡೆಯವರು ಕಾಯುತ್ತಾರೆ ಎಂದು ವಿವರಿಸುತ್ತಿದ್ದ. ದೇವರು ಅಬ್ರಹಾಮನಿಗೆ ಮಾತು ಕೊಟ್ಟದ್ದು, ಅದು ಸಾರಳ ಮಗ ಇಸಾಕನಿಗೆ, ಅವನಿಂದ ಯಾಕೋಬನಿಗೆ, ಇಸ್ರಾಯೇಲ್ ಜನಕ್ಕೆಲ್ಲ ಬಂದದ್ದು, ಬೆಟ್ಟದ ಮೇಲೆ ಮೋಶೆಯ ಕೈಗೆ ಕಲ್ಲಿನ ಹಲಗೆಗಳಾಗಿ ಇಳಿದದ್ದು, ಕೊನೆಗೆ ಯೇಸುವಿನಲ್ಲಿ ಹೊಸದಾಗಿ ಲೋಕಕ್ಕೆಲ್ಲ ತೆರೆದದ್ದು, ಎಲ್ಲವೂ ಬಾಗಿಲಿನಿಂದ ಅಡುಗೆಮನೆಯವರೆಗೆ ಒಂದೇ ಉದ್ದ ಗೆರೆ. ಅಬ್ರಹಾಮನ ಹತ್ತಿರ ಪಕ್ಕಕ್ಕೆ ಗೇಣುದ್ದದ ಇನ್ನೊಂದು ಗೆರೆ. ಅದು ದಾಸಿ ಹಾಗರಳ ಮಗ ಇಷ್ಮಾಯೇಲನದು. ಪಾಠ ಇಸಾಕನ ಕಡೆ ಹೋಗಬೇಕಾದ್ದರಿಂದ ಅಪ್ಪ ಅದನ್ನು ಅಲ್ಲಿಗೇ ಬಿಡುತ್ತಿದ್ದ.

ಈ ಹೆಸರುಗಳೇ ನನಗೂ ರಾಬಿಯಾಳಿಗೂ ಒಂದು ಆಟವಾಗಿದ್ದವು. ಕಲ್ಲಿನ ಚೂರುಗಳನ್ನು ಮೇಲೆಸೆದು ಹಿಡಿಯುವಾಗ ನಾನೊಂದು ಹೆಸರು ಹೇಳಬೇಕು, ಅವಳು ತನ್ನ ಮನೆಯಲ್ಲಿ ಅದಕ್ಕೆ ಇರುವ ಹೆಸರು ಹೇಳಬೇಕು. ಅಬ್ರಹಾಮ ಎಂದರೆ ಇಬ್ರಾಹಿಂ, ಮೋಶೆ ಎಂದರೆ ಮೂಸಾ, ದಾವೀದ ಎಂದರೆ ದಾವೂದ್, ಹಾಗರ ಎಂದರೆ ಹಾಜರಾ. ಬಕ್ರೀದ್‌ಗೆ ಎಂಟು ದಿನವಿರುವಾಗ, ನಮ್ಮ ಪಡಸಾಲೆಯಲ್ಲಿ ಹೀಗೆ ಆಡುತ್ತ ಕುಳಿತಿದ್ದಾಗ, ರಾಬಿಯಾಳ ಕಣ್ಣು ಆ ಗಿಡ್ಡ ಗೆರೆಯ ಮೇಲೆ ಬಿತ್ತು.

“ಇದು ಯಾರ್ದು?”

“ಇಷ್ಮಾಯೇಲಂದು.”

“ನಮ್ಮ ಇಸ್ಮಾಯಿಲ್‌ಂದು ಇಷ್ಟೇ ಯಾಕ? ನಿಮ್ಮಪ್ಪಂದು ಚಾಕ್ ಮುಗೀತೇನು?”

ನಕ್ಕು ಸುಮ್ಮನಿರಬಹುದಿತ್ತು. ಆದರೆ ಆ ಭಾನುವಾರವಷ್ಟೇ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿ ಎಲ್ಲರೆದುರು ಭೇಷ್ ಅನ್ನಿಸಿಕೊಂಡಿದ್ದೆ.

“ಅವಂದು ಅಷ್ಟೇ. ಅವ ಆಳಿನ ಮಗ. ಅವನ್ನ, ಅವರವ್ವನ್ನ ಮನಿ ಬಿಟ್ಟು ಹೊರಗ ಹಾಕಿದ್ರು. ಒಡಂಬಡಿಕಿ ಇಸಾಕಂದು. ಅಂದ್ರ ನಮ್ದು. ನಿಮ್ದಲ್ಲ.”

“ಹಾಜರಾ ಬೀಬಿಗಿ ಆಳು ಅಂತೀ? ಕುರ್ಬಾನಿ ಕೊಡಾಕ ಗುಡ್ಡಕ್ಕ ಕರ್ಕೊಂಡು ಹೋಗಿದ್ದು ಇಸ್ಮಾಯಿಲ್‌ಗ!”

“ಇಸಾಕಗ. ಪುಸ್ತಕದಾಗ ಬರದಾರ. ಆಳಿನ ಮಗಗ ಯಾಕ ಕರ್ಕೊಂಡು ಹೋಗ್ತಾರ?”

ದೇವರ ಅಪ್ಪಣೆಯಂತೆ ಅಬ್ರಹಾಮ ಮಗನನ್ನು ಬಲಿ ಕೊಡಲು ಹೊರಟ ಕತೆ ಎರಡೂ ಮನೆಯಲ್ಲಿತ್ತು, ಆ ಮಗ ಮಾತ್ರ ಬೇರೆ. ರಾಬಿಯಾ ಕೈಯಲ್ಲಿದ್ದ ಕಲ್ಲುಗಳನ್ನೆಲ್ಲ ಕೆಳಗೆ ಹಾಕಿ ಎದ್ದು ನಿಂತಳು.

“ಹಂಗಾದ್ರ ನೀವು ಬಕ್ರೀದಿನಾಗ ಉಣ್ಣೋದು ಯಾವ ಪಾಲು, ಗೊತ್ತದೇನು? ಮೂರನೇದು. ಗರೀಬರ ಪಾಲು!”

ಇದು ಅರ್ಥವಾಗದ ಮಾತಾಗಿರಲಿಲ್ಲ. ಬಕ್ರೀದ್ ದಿನ ಮಾಂಸವನ್ನು ಮೂರು ಪಾಲು ಮಾಡುತ್ತಾರೆಂದು ಬೀದಿಗೆಲ್ಲ ಗೊತ್ತು: ಒಂದು ಮನೆಗೆ, ಒಂದು ಬಂಧುಬಳಗಕ್ಕೆ, ಒಂದು ಬಡವರಿಗೆ. ನನಗೆ ಬುದ್ಧಿ ಬಂದಾಗಿನಿಂದ ಪ್ರತಿ ವರ್ಷವೂ ಹಬ್ಬದ ದಿನ ಕಸೂತಿಯ ಬಟ್ಟೆ ಮುಚ್ಚಿದ ಒಂದು ತಾಟು ಗೋಡೆ ದಾಟಿ ಬರುತ್ತಿತ್ತು. ಅದು ಯಾವ ಪಾಲಿನಿಂದ ಬರುತ್ತದೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ರಾಬಿಯಾ ಹೋದಮೇಲೆ ತಿರುಗಿ ನೋಡಿದೆ. ಹಿಂದೆ ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಅವಳ ಕೈ ನಿಂತಿತ್ತು.

ಅಂದು ಸಂಜೆ ದೀಪ ಹಚ್ಚಿ ಅಪ್ಪ ವೇದಪುಸ್ತಕ ತೆರೆಯುವ ಮೊದಲೇ ಆಯಿ ಮಾತೆತ್ತಿದಳು.

“ಆ ಗೆರಿ ಯಾಕ ಅಲ್ಲೇ ನಿಂದ್ರಿಸಿದಿ?”

“ಪಾಠ ಇಸಾಕಂದಿತ್ತವ್ವಾ. ಅದರ ಮುಂದಿಂದು ಬ್ಯಾರೆ.”

“ನಿನ್ನ ಮಗಳು ಆ ಗೆರಿ ಎತ್ಕೊಂಡು ರಾಬಿಯಾನ ಮಾರಿಗಿ ಬಡದಾಳ. ಇಸಾಕಂದು ನಮ್ದಂತ! ನಾವ್ಯಾವಾಗ ಇಸಾಕನ ಮಕ್ಕಳಾದ್ವಿ? ನಾವು ಆಡಕಿಯವರು.”

ಅವ್ವನಿಗೆ ನಗು ಬಂತು, ತಡೆದುಕೊಂಡಳು. ಆಯಿ ನಗಲಿಲ್ಲ. ಅವತ್ತು ಮೊದಲ ಸಲ, ನನ್ನನ್ನು ನೋಡದೆ ದೀಪವನ್ನು ನೋಡುತ್ತ, ಅವಳು ತನ್ನ ಕತೆ ಹೇಳಿದಳು. ಆಡಕಿ ಎಂಬ ಹಳ್ಳಿಯಲ್ಲಿ ದೊಡ್ಡ ಹೊಲದವರೊಬ್ಬರ ಮನೆಯಲ್ಲಿ ಅವಳು ಚಿಕ್ಕಂದಿನಿಂದ ಆಳಾಗಿದ್ದಳು. ದನದ ಕೊಟ್ಟಿಗೆಯಲ್ಲಿ ಮಲಗುವುದು. ಒಡ್ಡಿದ ಸೆರಗಿಗೆ ಮೇಲಿನಿಂದ ರೊಟ್ಟಿ ಬೀಳುವುದು. ಬೊಗಸೆಗೆ ಮೇಲಿನಿಂದ ನೀರು ಸುರಿಯುವುದು. ಗಂಡ ತೀರಿಕೊಂಡಮೇಲೆ, ಎಳೆಗೂಸು ಇಟ್ಟುಕೊಂಡು ಕೆಲಸ ಸಾಗುವುದಿಲ್ಲವೆಂದು ಮನೆಯೊಡತಿ ಹೊರಗೆ ಹಾಕಿದಳು. ಆ ಕೂಸು ನಮ್ಮ ಅಪ್ಪ. ಸೇಡಂ ದಾರಿಯಲ್ಲಿ ಒಂದು ಬಾವಿಯ ಹತ್ತಿರ, ಮುಟ್ಟುವಂತಿಲ್ಲವಾದ್ದರಿಂದ, ಯಾರಾದರೂ ಸೇದಿ ಹಾಕಲಿ ಎಂದು ಹೊತ್ತು ಏರುವತನಕ ಕುಳಿತಿದ್ದಳು. ಹಳ್ಳಿಗಳಲ್ಲಿ ವೇದಪುಸ್ತಕ ಓದಿ ಹೇಳುತ್ತ ತಿರುಗುವ ಒಬ್ಬ ಕ್ರೈಸ್ತ ಹೆಂಗಸು ಬಂದಳು. ನೀರು ಸೇದಿ, ತನ್ನ ತಂಬಿಗೆಯಲ್ಲೇ ತುಂಬಿ, ಕೈಗೆ ಕೊಟ್ಟಳು.

“ಆಕಿ ನನಗ ಮೊದಲ ಹೇಳಿದ್ದು ಅಬ್ರಹಾಮನ ಕತಿ ಅಲ್ಲ, ಸಾರಾಂದೂ ಅಲ್ಲ. ಕೂಸು ಕಟಗೊಂಡು ಅಡವ್ಯಾಗ ಕುಂತ ಆಳಿನ ಕತಿ. ಆಕಿಗಿ ದೇವ್ರು ಹೆಸರು ಹಿಡಿದು ಕರದ, ನೀರು ತೋರಿಸ್ದ. ನಾ ಈ ಪುಸ್ತಕದಾಗ ಹಾಗರಳ ಬಾಗಿಲದಿಂದ ಬಂದಾಕಿ. ನೀವು ಅಪ್ಪ ಮಗಳು ಕೂಡಿ ಆ ಬಾಗಿಲಾ ಮುಚ್ಚಾಕತ್ತೀರಿ. ನಾ ಇನ್ನೂ ಹೊಸ್ತಲದಾಗೇ ಅದೀನಿ.”

ಹಾಗಾದರೆ ನಾವು ಯಾರು ಎಂದು ನಾನು ಸಣ್ಣ ದನಿಯಲ್ಲಿ ಕೇಳಿದೆ. ಬೇರು ಇಸ್ರಾಯೇಲ್ ಜನರದು, ನಾವು ಹೊರಗಿನಿಂದ ತಂದು ಕಸಿ ಕಟ್ಟಿದ ಕಾಡುಟೊಂಗೆ, ಟೊಂಗೆಯನ್ನು ಬೇರು ಹೊರುತ್ತದೆಯೇ ಹೊರತು ಬೇರನ್ನು ಟೊಂಗೆ ಹೊರುವುದಿಲ್ಲ ಎಂದು ಅಪ್ಪ ಹೇಳಿದ. ಅದನ್ನು ತಾನು ಮೊದಲೇ ಹೇಳಬೇಕಿತ್ತು ಎಂದೂ ಅಂದ. ಬೆಳಗ್ಗೆ ಹೋಗಿ ರಾಬಿಯಾಳ ಹತ್ತಿರ ತಪ್ಪಾಯಿತು ಎನ್ನಬೇಕೆಂದು ನನಗೆ ಅಪ್ಪಣೆಯಾಯಿತು. ಅಷ್ಟರಲ್ಲಿ ಆಯಿ ಇನ್ನೊಂದು ಮಾತು ಹೇಳಿದಳು.

“ಹುಡುಗಿ ಅಂದದ್ದು ಖರೇ ಇದ್ರ, ಈ ಸಲ ತಾಟು ನನಗ ಬ್ಯಾಡ. ಗರೀಬರ ಪಾಲು ನಾ ಆಡಕ್ಯಾಗ ಭಾಳ ಉಂಡೀನಿ.”

“ಹಬ್ಬದ ತಾಟು ವಾಪಸ್ ಕಳಿಸಿದ್ರ ಈ ಗ್ವಾಡಿ ಮ್ಯಾಲಿಂದ ಮತ್ತ ಮಾತಿರಂಗಿಲ್ಲವ್ವಾ,” ಎಂದ ಅಪ್ಪ.

“ಇಲ್ಲಂದ್ರ ಇಲ್ಲ.”

ಆ ಎಂಟು ದಿನಗಳು ನನಗೆ ಇಂದಿಗೂ ಒಂದೊಂದಾಗಿ ನೆನಪಿವೆ. ಬೆಳಗ್ಗೆ ಗೋಡೆಯವರೆಗೆ ಹೋದೆ, ಮಾತು ಬಾರದೆ ತಿರುಗಿ ಬಂದೆ. ಮರುದಿನವೂ ಹಾಗೆಯೇ. ಅವರ ಹೋತವನ್ನು ಎಂದಿನಂತೆ ನಮ್ಮ ಬೇವಿನ ನೆರಳಲ್ಲಿ ಕಟ್ಟಿದ್ದರು. ರಾಬಿಯಾ ಮೇವು ಹಾಕಲು ಬರುತ್ತಿದ್ದಳು, ಹೋತದ ಜೊತೆ ಮಾತಾಡುತ್ತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ. ಆಯಿ ನೀರಿಗೆ ಆಚೆ ಹೋಗುವುದನ್ನು ಬಿಟ್ಟು ಬೀದಿಯ ಕೊನೆಯ ನಳಕ್ಕೆ ಹೋಗತೊಡಗಿದಳು. ಯಾಕೆಂದು ದಾದಿಮಾ ಕೇಳಿದರೆ, ಕಾಲಾಡಿಸಿದಂತಾಗುತ್ತದೆ ಎಂದಳು. ತುಂಬಿದ ಕೊಡ ಹೊತ್ತು ಏದುಸಿರು ಬಿಡುತ್ತ ಅವಳು ಅಂಗಳಕ್ಕೆ ಬರುವುದನ್ನು ನೋಡಿದಾಗಲೆಲ್ಲ, ಇದು ನಾನು ಮಾಡಿದ್ದು ಅನ್ನಿಸುತ್ತಿತ್ತು. ಆಡುವ ಮಾತನ್ನು ಆಡುವ ಮೊದಲು ಒಮ್ಮೆ ಒಳಗೇ ಹೇಳಿಕೊಂಡು ನೋಡುವ ಅಭ್ಯಾಸ ನನಗೆ ಅಂಟಿಕೊಂಡದ್ದು ಆಗಲೇ. ವಿಶ್ವವಿದ್ಯಾಲಯದಲ್ಲಿ ಗೆಳತಿಯರು ಅದನ್ನು ಬಿಂಕ ಎನ್ನುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ.

ಹಬ್ಬದ ಬೆಳಗ್ಗೆ ಗಂಡಸರು ನಮಾಜು ಮುಗಿಸಿ ಬಂದರು. ಕುರ್ಬಾನಿ ಆಯಿತು. ಪ್ರತಿ ವರ್ಷ ಆ ಹೊತ್ತಿಗೆ ನಾನು ಗೋಡೆಯ ಮೇಲೆ ಕುಳಿತಿರುತ್ತಿದ್ದೆ, ಮೊದಲು ಹುರಿದ ಕಲೀಜಿಯ, ಅಂದರೆ ಲಿವರಿನ, ತುಂಡಿಗಾಗಿ. ಈ ಸಲ ಒಳಗೆ ಕುಳಿತಿದ್ದೆ. ಅವ್ವ ದವಾಖಾನೆಯಲ್ಲಿದ್ದಳು. ಅಪ್ಪ ಪುಸ್ತಕ ಹಿಡಿದಿದ್ದ, ಪುಟ ತಿರುಗುತ್ತಿರಲಿಲ್ಲ. ಆಯಿ ಬೇಕಿಲ್ಲದಿದ್ದರೂ ಒಲೆ ಸಾರಿಸುತ್ತಿದ್ದಳು. ಆಗ ಗೋಡೆಯ ಆಚೆಯಿಂದ ದಾದಿಮಾ ಕೂಗಿದರು.

“ಮಾಸ್ತರ್ ಮನ್ಯಾಗಿನವರೆಲ್ಲ ಎಲ್ಲಿ ಹೋಗ್ಯಾರ? ಕರುಣಾ ಬೇಟಿ! ನಿಮ್ಮ ಆಯಿಗಿ ಕರ್ಕೊಂಡು ಬಾ. ಪಾಲು ಹಾಕೋದದ.”

ಆಯಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹಬ್ಬದ ದಿನ ಹಿರಿಯರು ಕರೆದರೆ ಹೋಗದಿರುವುದು ಸಾಧ್ಯವಿರಲಿಲ್ಲ. ಹೋದೆವು. ತೊಳೆದ ಫರ್ಸಿಯ ಮೇಲೆ ದಾದಿಮಾ ಮಣೆ ಹಾಕಿಕೊಂಡು ಕುಳಿತಿದ್ದರು. ಎದುರಿಗೆ ಮೂರು ದೊಡ್ಡ ತಾಟುಗಳು, ಸರಿಸಮನಾಗಿ ಮೂರು ರಾಶಿ. ಕಂಬದ ಹಿಂದೆ ರಾಬಿಯಾ, ಅತ್ತ ಕಣ್ಣು. ಅವಳು ಮನೆಯಲ್ಲಿ ಎಲ್ಲ ಹೇಳಿಬಿಟ್ಟಿದ್ದಾಳೆಂದು ಗೊತ್ತಾಯಿತು.

“ಕುಂದ್ರು ತಂಗಿ. ಎಂಟು ದಿನದಿಂದ ಕಾಲಾಡಿಸಿದ್ದು ಸಾಕು.”

“ಯಾಕ ಕರ್ದೀ ಅಕ್ಕಾ?”

“ನಿಮ್ಮ ತಾಟು ಯಾವುದರಾಗಿಂದು ಅಂತ ನಿನ್ನ ಕಣ್ಣಿಲೆ ನೀನೇ ನೋಡ್ಲಿ ಅಂತ.”

ದಾದಿಮಾ ನಡುವಿನ ರಾಶಿಗೆ ಕೈ ಹಾಕಿದರು. ವಾಡಿಯಲ್ಲಿದ್ದ ಮಗಳ ಮನೆಗೆ ಒಂದು ಡಬ್ಬಿ, ಚಿತಾಪುರದ ತಮ್ಮನಿಗೆ ಒಂದು ಡಬ್ಬಿ, ಮತ್ತೆ ಅದೇ ರಾಶಿಯಿಂದ ನಮ್ಮ ತಾಟು. ನನಗೆ ಅಳು ಬರುವಷ್ಟು ಹಗುರವಾಯಿತು. ಆದರೆ ಆಯಿ ಸುಲಭಕ್ಕೆ ಒಪ್ಪುವವಳಲ್ಲ.

“ಇದು ಇವತ್ತಿಂದು. ನಾ ನೋಡಾಕತ್ತೀನಂತ ಹಾಕಾಕತ್ತೀ. ಇದಕ್ಕಿಂತ ಮೊದಲ?”

ದಾದಿಮಾ ಕೈ ಒರೆಸಿಕೊಂಡರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

“ಹಬ್ಬದ ದಿನ ಯಾಕ ಸುಳ್ಳು? ಮೊದಲನೇ ವರ್ಷ ಗರೀಬರ ಪಾಲಿಂದೇ ಕೊಟ್ಟೀನಿ. ನೀವು ಬಂದಾಗ ಒಂದು ಟ್ರಂಕು, ಒಂದು ಚಾಪಿ, ಕಂಕುಳಾಗ ಈ ಹುಡುಗಿ. ನೀವು ಯಾರಂತ ನನಗೇನು ಗೊತ್ತು? ಆಮ್ಯಾಲ ದಿನಾ ಸಂಜಿಗಿ ನಿನ್ನ ಮಗ ಓದೋದು ಕೇಳಾಕ ಹತ್ತಿದೆ. ಇಬ್ರಾಹಿಂ, ಯಾಕೂಬ್, ಯೂಸುಫ್, ಮೂಸಾ. ನಮ್ಮ ಮನಿ ಹಿರಿಯರ ಹೆಸರೇ ಗ್ವಾಡಿ ಆಚಿಂದ ಬರ್ತಾವ. ಅವರ ಹೆಸರು ದಿನಾ ಹೇಳೋ ಮಂದಿಗಿ ಮೂರನೇ ರಾಶಿದಾಗಿಂದ ಹೆಂಗ ಕೊಡ್ಲಿ? ಮರುವರ್ಷದಿಂದ ಇದರಾಗಿಂದೇ.”

ಆಯಿ ಮೂರನೆಯ ರಾಶಿಯನ್ನು ನೋಡಿದಳು, ನಡುವಿನದನ್ನು ನೋಡಿದಳು.

“ಮೊದಲನೇ ವರ್ಷಂದು ಚಲೋ ಇತ್ತಕ್ಕಾ,” ಎಂದಳು ಕೊನೆಗೆ. “ಎಲುಬೇ ಇರಲಿಲ್ಲ. ಬಳಗದವರಾದ ಮ್ಯಾಲ ಎಲುಬು ಹೆಚ್ಚಾಗ್ಯಾವ.”

ದಾದಿಮಾ ನಕ್ಕ ನಗುವಿಗೆ ಒಲೆಯ ಹತ್ತಿರವಿದ್ದ ಸೊಸೆ ಹೊರಗೆ ಬಂದು ನೋಡಿದಳು. ಕಂಬದ ಹಿಂದಿನಿಂದ ರಾಬಿಯಾ ನನ್ನ ಹತ್ತಿರ ಬಂದಳು. ಎಂಟು ದಿನ ಒಳಗೇ ಹೇಳಿಕೊಂಡ ಮಾತು ಕೊನೆಗೆ ಹೊರಬಂತು.

“ನಾ ಅಂದದ್ದು ತಪ್ಪಾತು.”

“ನಂದೂ. ಯಾವ ಪಾಲಂತ ನನಗೂ ಗೊತ್ತಿರಲಿಲ್ಲ. ನಿನ್ನ ಮನಸಿಗಿ ಹತ್ತಲಿ ಅಂತ ಅಂದೆ,” ಎಂದಳು. ಬಳಿಕ ಸ್ವಲ್ಪ ಯೋಚಿಸಿ, “ಆದ್ರ ಗುಡ್ಡಕ್ಕ ಹೋಗಿದ್ದು ಇಸ್ಮಾಯಿಲೇ.”

“ಇಸಾಕನೇ,” ಎಂದೆ.

“ಸಾಕು ಬಂದ್ ಮಾಡ್ರಿ,” ಎಂದು ದಾದಿಮಾ ಗದರಿದರು. “ಅಲ್ಲಾ ಇಬ್ರಾಹಿಂಗ ಮಂದಿಗೆಲ್ಲ ಮುಂದಾಳು ಮಾಡ್ತೀನಂತ ಮಾತು ಕೊಟ್ಟ. ನನ್ನ ಮಕ್ಕಳಿಗೂ ಆ ಮಾತು ಸಿಗ್ತದೇನು ಅಂತ ಅವರು ಕೇಳಿದ್ರು. ಜುಲುಮು ಮಾಡಿದವರಿಗಿ ಸಿಗಂಗಿಲ್ಲ ಅಂದ. ಯಾವ ಹೇಣ್ತಿ ಮಗ ಅಂತ ಅಂದನೇನು? ತಂಗಿ, ಹಾಜರಾ ಬೀಬಿ ನೀರಿಗಾಗಿ ಎರಡು ಗುಡ್ಡದ ನಡು ಏಳು ಸಲ ಓಡ್ಯಾಡಿದ್ಳು. ಹಜ್‌ಗೆ ಹೋದವರೆಲ್ಲ ಇವತ್ತಿಗೂ ಅಲ್ಲೇ ಹಂಗೇ ಓಡ್ಯಾಡ್ತಾರ.”

“ಎಲ್ಲಾರೂ? ದೊಡ್ಡ ಮಂದಿನೂ?”

“ನವಾಬ ಇರಲಿ, ಸೇಠ್ ಇರಲಿ.”

ಆಯಿಗೆ ಅದು ಎಷ್ಟು ಹಿಡಿಸಿತೆಂದರೆ ಮತ್ತೊಮ್ಮೆ ಹೇಳಿಸಿದಳು. ಆಳಾಗಿದ್ದವಳ ಹೆಜ್ಜೆಯ ಮೇಲೆ ದೊಡ್ಡ ಹೊಲದವರೂ ಓಡಬೇಕು. ಮನೆಗೆ ಬರುವ ಮೊದಲು ಅವಳು ಕೊಡವನ್ನು ತರಿಸಿ ದಾದಿಮಾ ಮನೆಯ ನಳದಲ್ಲಿ ನೀರು ತುಂಬಿಕೊಂಡಳು.

ಇದೆಲ್ಲದರಲ್ಲಿ ಇಲ್ಲದೆ ಇದ್ದವರೆಂದರೆ ಆ ಒಡಂಬಡಿಕೆಯನ್ನು ಮೊದಲು ಪಡೆದವರು. ಇಸ್ರಾಯೇಲ್ ಮನೆತನದ ಒಬ್ಬರನ್ನೂ ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಅದು ಇಂದಿಗೂ ತಮ್ಮದಾಗಿಯೇ ಇದೆ ಎಂದು ಅವರು ನಂಬುತ್ತಾರೆ, ಅದನ್ನು ಬದುಕುತ್ತಾರೆ ಎಂಬುದು ನನಗೆ ತಿಳಿದದ್ದು ಎಂ.ಎ. ಓದುವಾಗ, ಗ್ರಂಥಾಲಯದ ಮೇಜಿನ ಮೇಲೆ. ಬೇರೆಯವರ ಮನೆಯ ಪತ್ರ ಹಿಡಿದುಕೊಂಡು ಶಹಾಬಾದಿನಲ್ಲಿ ಇಬ್ಬರು ಹುಡುಗಿಯರು ಜಗಳಾಡಿದ್ದೆವಲ್ಲ ಎಂದು ಅವತ್ತು ನಗು ಬಂತು. ಆದರೆ ಆ ಪತ್ರದಲ್ಲಿ ನಮ್ಮ ಆಯಿಗೆ ತನ್ನ ಹೆಸರೂ ಕಂಡಿತ್ತು, ದಾದಿಮಾಗೆ ತಮ್ಮದೂ. ಅದು ಓದಿನಿಂದ ಅಳಿಸಿಹೋಗುವ ಮಾತಲ್ಲ.

ಹಬ್ಬದ ಆ ಸಂಜೆ ಪಡಸಾಲೆಯಲ್ಲಿ ಮಾಂಸದ ಸಾರಿನ ವಾಸನೆ ತುಂಬಿತ್ತು. ಅವ್ವ ಬಂದಿದ್ದಳು. ಅಪ್ಪ ಆ ದಿನದ ಪಾಠ ಬಿಟ್ಟು ಹಿಂದಿನ ಪುಟಗಳಿಗೆ ಹೋದ. ಅಬ್ರಹಾಮ ಮುಪ್ಪಾಗಿ ತೀರಿಕೊಂಡ ಅಧ್ಯಾಯವನ್ನು ಓದಿದ. ಇಸಾಕ, ಇಷ್ಮಾಯೇಲ ಇಬ್ಬರೂ ಕೂಡಿ ತಂದೆಯನ್ನು ಗವಿಯಲ್ಲಿ ಮಣ್ಣು ಮಾಡಿದರು ಎಂಬಲ್ಲಿಗೆ ನಿಲ್ಲಿಸಿದ. ಇಷ್ಟು ವರ್ಷ ಪಾಠ ಹೇಳಿಯೂ ಆ ಸಾಲಿನ ಹತ್ತಿರ ತಾನು ಒಮ್ಮೆಯೂ ನಿಂತಿರಲಿಲ್ಲ ಎಂದ. ಗೋಡೆಯ ಆಚೆಯಿಂದ ದನಿ ಬಂತು.

“ಮಾಸ್ತರ್, ಮಣ್ಣು ಕೊಟ್ಟ ಮ್ಯಾಲ ಇಬ್ರೂ ಎಲ್ಲಿ ಹೋದ್ರು?”

“ಅದು ಬರದಿಲ್ಲ ದಾದಿಮಾ.”

“ಬರದಿಲ್ಲಂದ್ರ ಏನಾತು? ಹಸದಿರ್ತಾರ. ಕೂಡೇ ಉಂಡಿರಬೇಕು.”

“ಎಲ್ಲಿ ಉಣ್ತಾರ ಅಕ್ಕಾ?” ಎಂದಳು ಆಯಿ. “ಸತ್ತವರ ಮನ್ಯಾಗ ಅವತ್ತು ಒಲಿ ಹಚ್ಚಂಗಿಲ್ಲ. ಮಕ್ಕಳಿಬ್ಬರಿಗೂ ಸೂತಕ.”

“ಅದೂ ಖರೇ. ಹಂಗಾರ ಯಾರರ ಹೊರಗಿನವ್ರು ಬುತ್ತಿ ತಂದಿರಬೇಕು.”

ಆಯಿ ಸಾರಿನ ಪಾತ್ರೆಯನ್ನು ಹತ್ತಿರ ಎಳೆದುಕೊಂಡು, ಅಪ್ಪನ ತಾಟಿನ ಮುಂದೆ ಕುಳಿತು, ಗೋಡೆಯ ಆಚೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ತಂದವ್ರು ನಮ್ಮ ಆಡಕಿ ಮಂದಿ ಇರಬೇಕು.”